ಹಾನ್ಲೆಯ ಕತ್ತಲು, ಬೆರಳ ತುದಿಯ ಕೆಂಪು ದೀಪ

"ಎಂಬತ್ತೆರಡು" ಎಂದಳು ಮನೆಯೊಡತಿ. ನನ್ನ ತೋರುಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಆಕ್ಸಿಮೀಟರ್ ಕಚ್ಚಿಸಿ, ಅದರ ಪುಟ್ಟ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ್ದಳು. ಬೆಂಗಳೂರಿನಲ್ಲಿ ಆ ಅಂಕಿ ಕಂಡರೆ ಆಂಬುಲೆನ್ಸ್ ಕರೆಯುತ್ತಾರೆ. ಹಾನ್ಲೆಯಲ್ಲಿ ಚಹಾ ಕೊಡುತ್ತಾರೆ. ಬೆಣ್ಣೆ, ಉಪ್ಪು ಹಾಕಿ ಕಡೆದ ಗುರ್‌ಗುರ್ ಚಹಾದ ಬಟ್ಟಲನ್ನು ಕೈಗಿಟ್ಟು, "ಮೆಲ್ಲಗೆ ನಡೆಯಿರಿ, ಮೆಲ್ಲಗೆ ಮಾತಾಡಿ, ಸರಿಹೋಗುತ್ತೆ" ಎಂದು ಹಿಂದಿಯಲ್ಲಿ ಹೇಳಿ, ಒಲೆಗೆ ಇನ್ನೆರಡು ಬೆರಣಿ ತುರುಕಿ ಹೋದಳು.

ನಾನು ಬೆರಳನ್ನೇ ನೋಡುತ್ತ ಕುಳಿತೆ. ಉಗುರಿನ ಸುತ್ತ ಕೆಂಪು ಬೆಳಕು ಜಿನುಗುತ್ತಿತ್ತು. ಮೂರು ಮೆಟ್ಟಿಲು ಹತ್ತಿದ್ದಕ್ಕೆ ಎದೆ ಇನ್ನೂ ತಿದಿಯಂತೆ ಏರಿಳಿಯುತ್ತಿತ್ತು. ನಕ್ಷತ್ರ ನೋಡಲೆಂದು ಇಷ್ಟು ದೂರ ಬಂದವನಿಗೆ, ಅವುಗಳ ಕತೆ ಈ ಎರಡೂವರೆ ಇಂಚಿನ ಪ್ಲಾಸ್ಟಿಕ್ ಡಬ್ಬಿಯಿಂದಲೇ ಶುರುವಾಗುತ್ತದೆಂದು ಆಗ ಹೊಳೆದಿರಲಿಲ್ಲ.

ಹೊರಡುವಾಗ ಅಮ್ಮ ಮುನಿಸಿಕೊಂಡಿದ್ದಳು. "ಮಾಲಯ ಅಮಾಸೆ ದಿನ ಊರಲ್ಲಿರಲ್ಲ ಅಂದ್ರೆ ಹಿರೀಕರಿಗೆ ಎಡೆ ಇಡೋರ್‍ಯಾರು?" ಅವಳ ಮಾತು ನ್ಯಾಯವಾದದ್ದೇ. ಆದರೆ ಹಾನ್ಲೆಗೆ ಅಮಾವಾಸ್ಯೆಗೇ ಹೋಗಬೇಕು. ಚಂದ್ರನಿದ್ದರೆ ಅರ್ಧ ಆಕಾಶ ಅವನ ಪಾಲು. ಮಳೆಗಾಲ ಮುಗಿದು ಹಿಮ ಬೀಳುವುದರೊಳಗೆ ಸಿಗುವ ಅಮಾವಾಸ್ಯೆಗಳು ಒಂದೋ ಎರಡೋ. ಅದರಲ್ಲಿ ಒಂದು ಮಹಾಲಯದ್ದು. ತಮ್ಮನಿಗೆ ಎಡೆಯ ಜವಾಬ್ದಾರಿ ಒಪ್ಪಿಸಿ ಲೇಹ್‌ನ ವಿಮಾನ ಹತ್ತಿದೆ.

ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಮಲಗಿದ್ದು ರಕ್ತವನ್ನು ಎತ್ತರಕ್ಕೆ ಪಳಗಿಸಬೇಕು. ಅಲ್ಲಿಂದ ಹಾನ್ಲೆಗೆ ಸುಮಾರು 260 ಕಿ.ಮೀ. ಉಪ್ಶಿ ದಾಟಿದ ಮೇಲೆ ದಾರಿಯುದ್ದಕ್ಕೂ ಸಿಂಧೂ ನದಿಯೇ ಜೊತೆಗಾತಿ. ಚುಮಾಥಾಂಗ್‌ನಲ್ಲಿ ನದಿಯಂಚಿಗೇ ಬಿಸಿನೀರ ಬುಗ್ಗೆಗಳು ಹಬೆಯಾಡುತ್ತವೆ. ಮಾಹೆ, ನ್ಯೋಮಾ, ಲೋಮಾ ಎಂದು ಒಂದೊಂದೇ ಊರು ಹಿಂದಾಗುತ್ತ ಹೋದಂತೆ ಬಣ್ಣಗಳೂ ಕಡಿಮೆಯಾಗುತ್ತವೆ. ಮೊದಲು ಹಸಿರು ಹೋಯಿತು, ಆಮೇಲೆ ಮನುಷ್ಯರು. ಉಳಿದದ್ದು ಬೂದು, ಕಂದು, ತುಕ್ಕುಗೆಂಪಿನ ಬೆಟ್ಟಗಳು ಮತ್ತು ಕಣ್ಣು ಕುಕ್ಕುವ ನೀಲಿ. ಲೋಮಾ ಸೇತುವೆಯ ಬಳಿ ಪರವಾನಗಿ ತೋರಿಸಿ ತಿರುಗಿದ ಮೇಲೆ ಬಯಲಿನಲ್ಲಿ ಕಾಡುಕತ್ತೆಗಳ ಹಿಂಡೊಂದು ತಲೆ ಎತ್ತಿ ನೋಡಿತು. ಇಲ್ಲಿ ಅವನ್ನು ಕಿಯಾಂಗ್ ಎನ್ನುತ್ತಾರೆ. ಆ ಬರಡಿನಲ್ಲಿ ಅವು ಹೇಗೆ ಅಷ್ಟು ಮೈದುಂಬಿಕೊಂಡಿವೆಯೋ!

ಹಾನ್ಲೆ ಎಂದರೆ ಬಯಲಿನಲ್ಲಿ ಚೆದುರಿದ ಕೆಲವು ಹಟ್ಟಿಗಳು, ಗುಡ್ಡದ ನೆತ್ತಿಯ ಮೇಲೆ 17ನೇ ಶತಮಾನದ ಒಂದು ಬೌದ್ಧ ಗೊಂಪಾ, ಎದುರಿನ ಇನ್ನೊಂದು ಗುಡ್ಡದ ಮೇಲೆ ಒಂದು ಬಿಳಿ ಗುಮ್ಮಟ. ಆ ಗುಡ್ಡದ ಹೆಸರು ದಿಗ್ಪಾ ರತ್ಸಾ ರಿ. ಖಗೋಳವಿಜ್ಞಾನಿಗಳು ಅದಕ್ಕೆ ಸರಸ್ವತಿ ಪರ್ವತ ಎಂಬ ಹೆಸರನ್ನೂ ಇಟ್ಟಿದ್ದಾರೆ. ಎತ್ತರ ಸುಮಾರು 4,500 ಮೀಟರ್. ವರ್ಷದಲ್ಲಿ 10 ಸೆಂ.ಮೀ. ಮಳೆಯೂ ಬೀಳುವುದಿಲ್ಲ. ಗಾಳಿ ತೆಳು, ನೀರಾವಿ ಇಲ್ಲವೆನ್ನುವಷ್ಟು ಕಡಿಮೆ. ನನ್ನ ಎದೆಗೆ ಯಾವುದು ಶಾಪವೋ ಅದೇ ದೂರದರ್ಶಕಕ್ಕೆ ವರ.

ಗುಮ್ಮಟದೊಳಗೆ ಇರುವುದು ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ. 2000ನೇ ಇಸವಿಯಲ್ಲಿ ಮೊದಲ ಬೆಳಕು ಕಂಡದ್ದು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆಸ್ತಿ. ಹಗಲಿನಲ್ಲಿ ಮೇಲೆ ಹತ್ತಿ ಹೋದಾಗ ಒಳಗೆ ಬರೀ ನಿಶ್ಶಬ್ದ. ರಾತ್ರಿಯಿಡೀ ಕಣ್ಣಿಟ್ಟು ಕೂರುವ ವಿಜ್ಞಾನಿ ಎಲ್ಲಿ ಎಂದು ಕೇಳಿದರೆ, "ಹೊಸಕೋಟೆಯಲ್ಲಿ!" ಎಂಬ ಉತ್ತರ ಬಂತು. ಬೆಳಗಿನ ಜಾವದ ಬಿರಿಯಾನಿಗೆ ಜನ ಸಾಲುಗಟ್ಟುವ ನಮ್ಮ ಹೊಸಕೋಟೆಯೇ. ಅಲ್ಲಿನ ಕೇಂದ್ರದಲ್ಲಿ ಕುಳಿತು ಉಪಗ್ರಹದ ಮೂಲಕ ಈ ಕನ್ನಡಿಯನ್ನು ತಿರುಗಿಸುತ್ತಾರೆ. ಮೂರು ದಿನ ಏದುಸಿರು ಬಿಟ್ಟು ನಾನು ಬಂದು ನಿಂತ ಜಾಗದಿಂದ ಆಕಾಶ ನೋಡುವವರು ನನ್ನ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಕುಳಿತಿದ್ದರು.

ದೂರದರ್ಶಕ ಎಂದರೆ ಚಿತ್ರ ತೆಗೆಯುವ ಯಂತ್ರ ಎಂದುಕೊಂಡಿದ್ದೆ. ನಿಜವಾದ ಕೆಲಸ ಇರುವುದು ಬೆಳಕನ್ನು ಬಿಡಿಸುವುದರಲ್ಲಂತೆ. ಇಲ್ಲಿನ ಹಾನ್ಲೆ ಎಷೆಲ್ ರೋಹಿತದರ್ಶಕ ನಕ್ಷತ್ರವೊಂದರ ಬೆಳಕನ್ನು ಕಾಮನಬಿಲ್ಲಿನಂತೆ ಹರಡಿ, ಅದರ ನಡುವೆ ಕೂದಲೆಳೆಯಂಥ ಕಪ್ಪು ಗೆರೆಗಳನ್ನು ಹುಡುಕುತ್ತದೆ. ಪ್ರತಿ ಧಾತುವೂ ಬೆಳಕಿನಲ್ಲಿ ತನಗೆ ಬೇಕಾದ ಬಣ್ಣವನ್ನಷ್ಟೇ ನುಂಗುತ್ತದೆ. ಕಬ್ಬಿಣದ ಗೆರೆ ಕಬ್ಬಿಣದ್ದೇ, ಕ್ಯಾಲ್ಸಿಯಂನದು ಕ್ಯಾಲ್ಸಿಯಂನದ್ದೇ. ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ.

ನನ್ನ ಬೆರಳಿಗೆ ಕಚ್ಚಿದ್ದ ಡಬ್ಬಿ ಮಾಡುತ್ತಿದ್ದದ್ದೂ ಅದನ್ನೇ! ಅದರಲ್ಲಿ ಎರಡು ದೀಪಗಳಿವೆ, ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ಹೊತ್ತ ರಕ್ತ ಕೆಂಪನ್ನು ದಾಟಲು ಬಿಡುತ್ತದೆ, ಬರಿದಾದ ರಕ್ತ ಅದನ್ನು ನುಂಗಿಬಿಡುತ್ತದೆ. ಆಚೆ ಬದಿಗೆ ಎಷ್ಟು ಬೆಳಕು ದಾಟಿ ಬಂತೆಂದು ಅಳೆದು 82 ಎನ್ನುತ್ತದೆ ಯಂತ್ರ. ಗುಡ್ಡದ ಮೇಲಿನ ರೋಹಿತದರ್ಶಕಕ್ಕೂ ಚಹಾದ ಬಟ್ಟಲಿನ ಪಕ್ಕದ ಈ ಡಬ್ಬಿಗೂ ಒಂದೇ ವಿದ್ಯೆ. ಮುಟ್ಟಲಾಗದ್ದರ ಒಳಗೆ ಏನಿದೆಯೆಂದು ಬೆಳಕಿನಿಂದ ಓದುವ ವಿದ್ಯೆ.

ಇಲ್ಲಿನ ಒಂದು ಸಮೀಕ್ಷೆಯ ಹೆಸರು ಕೇಳಿ ನಗು ಬಂತು: ಗೊಂಪಾ. ಲೋಹದ ಬಡತನವಿರುವ ನಕ್ಷತ್ರಗಳ ಹುಡುಕಾಟ ಎಂಬರ್ಥದ ಇಂಗ್ಲಿಷ್ ಪದಗಳಿಂದ ಅಕ್ಷರ ಹೆಕ್ಕಿ, ಎದುರಿನ ಮಠದ ಹೆಸರು ಬರುವ ಹಾಗೆ ಜೋಡಿಸಿದ್ದಾರೆ. ಖಗೋಳವಿಜ್ಞಾನಿಗಳ ಭಾಷೆಯಲ್ಲಿ ಜಲಜನಕ, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹವೇ. ಆಮ್ಲಜನಕವೂ ಲೋಹ, ಇದ್ದಿಲೂ ಲೋಹ! ರಸಾಯನಶಾಸ್ತ್ರದ ಮೇಷ್ಟ್ರು ಕೇಳಿದರೆ ಬೆತ್ತ ಹಿಡಿದಾರು. ಆದರೆ ಅದಕ್ಕೊಂದು ಕಾರಣವಿದೆ. ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ತಯಾರಾದದ್ದು ಜಲಜನಕ, ಹೀಲಿಯಂ ಮತ್ತು ಚಿಟಿಕೆಯಷ್ಟು ಲಿಥಿಯಂ ಮಾತ್ರ. ಅಷ್ಟರಲ್ಲಿ ಎಲ್ಲ ಹರಡಿ ತಣ್ಣಗಾಯಿತು, ಒಲೆ ಆರಿತು. ಉಳಿದದ್ದೆಲ್ಲ ಆಮೇಲೆ ನಕ್ಷತ್ರಗಳು ಬೇಯಿಸಿದ ಅಡುಗೆ. ನಕ್ಷತ್ರ ಹಳೆಯದಾದಷ್ಟೂ ಅದರಲ್ಲಿ ಲೋಹ ಕಡಿಮೆ.

ಸಂಜೆ ಏಳೂವರೆಗೆ ಕತ್ತಲು ಬಿತ್ತು. ಅದು ನಾನು ಬಲ್ಲ ಕತ್ತಲಲ್ಲ. 2022ರ ಡಿಸೆಂಬರ್‌ನಲ್ಲಿ ಇಲ್ಲಿನ 1,073 ಚದರ ಕಿ.ಮೀ. ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಎಂದು ಘೋಷಿಸಿದ್ದಾರೆ. ಹುಲಿಗೆ ಕಾಡು ಮೀಸಲಿಡುವ ಹಾಗೆ ಕತ್ತಲಿಗೆ ಮೀಸಲು! ಮನೆಗಳ ಕಿಟಕಿಗೆ ದಪ್ಪ ಪರದೆ, ವಾಹನಗಳ ದೀಪಕ್ಕೆ ಕಡಿವಾಣ. ಊರಿನ ಯುವಜನರಿಗೆ ಖಭೌತ ಸಂಸ್ಥೆಯೇ ದೂರದರ್ಶಕ ಕೊಟ್ಟು, ಆಕಾಶ ತೋರಿಸುವ ತರಬೇತಿ ಕೊಟ್ಟಿದೆ. ಅಂಥ ಒಬ್ಬ ಹುಡುಗಿ ಅಂಗಳದಲ್ಲಿ ದೂರದರ್ಶಕ ನಿಲ್ಲಿಸಿ ಕಾಯುತ್ತಿದ್ದಳು. ಹೊರಗೆ ಕಾಲಿಟ್ಟವನೇ ತಲೆ ಎತ್ತಿ, ಹಿಂದಕ್ಕೆ ವಾಲಿ, ಗೋಡೆ ಹಿಡಿದುಕೊಂಡೆ. ಆಕಾಶ ಮೇಲಿರಲಿಲ್ಲ, ಸುತ್ತಲೂ ಇತ್ತು. ಆಕಾಶಗಂಗೆ ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ತೊಟ್ಟಿಲ ಬಟ್ಟೆಯಂತೆ ಜೋತುಬಿದ್ದಿತ್ತು. ನೂರು ಸಲ ಗುರುತಿಸಿದ್ದ ಪುಂಜಗಳು ಆ ಜಂಗುಳಿಯಲ್ಲಿ ಕಳೆದುಹೋಗಿದ್ದವು.

ನೆತ್ತಿಯಿಂದ ತುಸು ಪಶ್ಚಿಮಕ್ಕೆ ಅಭಿಜಿತ್ ಹೊಳೆಯುತ್ತಿತ್ತು. ಅದರ ಹತ್ತಿರಕ್ಕೆ ದೂರದರ್ಶಕ ತಿರುಗಿಸಿ "ನೋಡಿ" ಎಂದಳು ಹುಡುಗಿ. ಕಣ್ಣಿಟ್ಟೆ. ಕಪ್ಪು ಹಾಳೆಯ ಮೇಲೆ ಯಾರೋ ಒಂದು ಪುಟ್ಟ ಕೋಡುಬಳೆ ಇಟ್ಟ ಹಾಗೆ, ಬೂದು ಬಣ್ಣದ, ನಡುವೆ ತೂತಿರುವ ಮಬ್ಬು ಉಂಗುರ. ಉಂಗುರ ನೀಹಾರಿಕೆ. ಸುಮಾರು ಎರಡೂವರೆ ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಸೂರ್ಯನಂಥದ್ದೇ ಒಂದು ನಕ್ಷತ್ರ ಸಾಯುತ್ತ ತನ್ನ ಹೊರಮೈಯನ್ನು ಊದಿ ಬಿಟ್ಟದ್ದು. ಆ ಹೊಗೆಯಲ್ಲಿ ಇಂಗಾಲವಿದೆ, ಸಾರಜನಕವಿದೆ.

ನಮ್ಮ ಸೂರ್ಯ ಸದ್ಯ ಮೊದಲ ಅಡುಗೆಯಲ್ಲೇ ಇದ್ದಾನೆ. ಒಂದೂವರೆ ಕೋಟಿ ಡಿಗ್ರಿ ಕುದಿಯುವ ಒಡಲಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಹೀಲಿಯಂ ಆಗುತ್ತಿದೆ. ಲೆಕ್ಕದಲ್ಲಿ 40 ಲಕ್ಷ ಟನ್ ಕಾಣೆಯಾಗುತ್ತದೆ, ಅದೇ ನಮ್ಮ ಬಿಸಿಲು. ಮುಂದಿನ ಹೆಜ್ಜೆ ಇಂಗಾಲ. ವಿಜ್ಞಾನಿಗಳು ಬಹುಕಾಲ ಎಡವಿದ್ದು ಇಲ್ಲೇ. ಎರಡು ಹೀಲಿಯಂ ಬೀಜಗಳು ಕೂಡಿದರೆ ಬೆರಿಲಿಯಂ ಆಗುತ್ತದೆ, ಆದರೆ ಅದು ಎಣಿಸಲಾಗದಷ್ಟು ಬೇಗ ಒಡೆದುಹೋಗುತ್ತದೆ. ಅಷ್ಟರೊಳಗೆ ಮೂರನೆಯ ಹೀಲಿಯಂ ಬಂದು ಸೇರಬೇಕು. ಜಾತ್ರೆಯ ನೂಕುನುಗ್ಗಲಿನಲ್ಲಿ ಇಬ್ಬರು ಕೈಹಿಡಿದು ಬಿಡುವುದರೊಳಗೆ ಮೂರನೆಯವನು ಓಡಿಬಂದು ಕೈಕೊಟ್ಟ ಹಾಗೆ. ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಒಂದು ವಿಚಿತ್ರ ವಾದ ಹೂಡಿದರು. ಇಂಗಾಲದ ಬೀಜಕ್ಕೆ ಇಂಥದ್ದೇ ಒಂದು ಶಕ್ತಿಮಟ್ಟ ಇರಲೇಬೇಕು, ಇದ್ದರೆ ಮಾತ್ರ ಆ ಮೂವರ ಕೂಟ ಸಲೀಸು. ಇಲ್ಲದಿದ್ದರೆ ಜಗತ್ತಿನಲ್ಲಿ ಇಷ್ಟು ಇಂಗಾಲ ಇರಲು ಸಾಧ್ಯವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಫೌಲರ್ ಅವರ ಪ್ರಯೋಗಾಲಯದವರು ಅರೆನಂಬಿಕೆಯಿಂದಲೇ ಹುಡುಕಿದರು. ಹಾಯ್ಲ್ ಹೇಳಿದ ಜಾಗದಲ್ಲೇ ಆ ಮಟ್ಟ ಸಿಕ್ಕಿತು.

"ಇದೆಲ್ಲ ನಿಜವಾಗಿ ನಕ್ಷತ್ರದೊಳಗೆ ನಡೆಯುತ್ತದೆಂದು ಹೇಗೆ ಗೊತ್ತು?" ಎಂದು ಅಂಗಳದಲ್ಲಿ ಜೊತೆಗಿದ್ದವರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಈಶಾನ್ಯದಲ್ಲಿ ದೇವಯಾನಿ ಪುಂಜ ಮೇಲೇರುತ್ತಿತ್ತು. ಅಲ್ಲಿ ಆರ್ ಆಂಡ್ರೊಮಿಡೆ ಎಂಬ ಒಂದು ಮುದಿ ಕೆಂಪು ನಕ್ಷತ್ರವಿದೆ. 1952ರಲ್ಲಿ ಖಗೋಳವಿಜ್ಞಾನಿ ಪಾಲ್ ಮೆರಿಲ್ ಅಂಥ ನಕ್ಷತ್ರಗಳ ಬೆಳಕಿನಲ್ಲಿ ಟೆಕ್ನೀಷಿಯಂನ ಗೆರೆಗಳನ್ನು ಗುರುತಿಸಿದರು. ಟೆಕ್ನೀಷಿಯಂ ತಾನಾಗಿ ಒಡೆದು ಕರಗುವ ಧಾತು. ಹೆಚ್ಚೆಂದರೆ ಸುಮಾರು ನಲವತ್ತೆರಡು ಲಕ್ಷ ವರ್ಷಕ್ಕೆ ಅದರಲ್ಲಿ ಅರ್ಧ ಮಾಯ. ನಕ್ಷತ್ರದ ವಯಸ್ಸು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹುಟ್ಟುವಾಗ ತಂದದ್ದಾಗಿದ್ದರೆ ಎಂದೋ ಮುಗಿದಿರಬೇಕಿತ್ತು. ಅಂದರೆ ಅದು ಅಲ್ಲೇ, ಈಚೆಗೆ ಬೆಂದದ್ದು. ಅಡುಗೆಮನೆಗೆ ಕಾಲಿಟ್ಟಾಗ ಪಾತ್ರೆ ಇನ್ನೂ ಬಿಸಿಯಿದ್ದರೆ ಬೇರೆ ಸಾಕ್ಷಿ ಬೇಕೆ?

ಹತ್ತಕ್ಕೆ ಒಳಗೆ ಹೋಗಿ ಒಲೆಯ ಪಕ್ಕ ಮಲಗಿದೆ. ನಿದ್ದೆ ಬರಲಿಲ್ಲ. ಈ ಎತ್ತರದಲ್ಲಿ ಕಣ್ಣು ಮುಚ್ಚಿದರೆ ಉಸಿರು ಮರೆತುಹೋದಂತಾಗಿ ಬೆಚ್ಚಿ ಏಳುತ್ತೇವೆ. ಮನೆಯೊಡತಿ ಒಲೆಯಿಂದ ಬೂದಿ ಬಳಿದು ತೆಗೆಯುತ್ತಿದ್ದಳು. ಬೆರಣಿಯಲ್ಲಿ ಇದ್ದ ಕಾವೆಲ್ಲ ಹೋಗಿ ಉಳಿದದ್ದು. ಇನ್ನು ಅದನ್ನು ಎಷ್ಟು ಊದಿದರೂ ಉರಿಯದು. ನಕ್ಷತ್ರದ ಒಲೆಯಲ್ಲಿ ಹಾಗೆ ಉಳಿಯುವ ಬೂದಿಯ ಹೆಸರು ಕಬ್ಬಿಣ.

ಮೂರು ಗಂಟೆಗೆ ಬಾಗಿಲು ತಟ್ಟಿದರು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಆಗ್ನೇಯದಲ್ಲಿ ಮಹಾವ್ಯಾಧ ಎದ್ದು ನಿಂತಿದ್ದ. ಅವನ ಭುಜದಲ್ಲಿ ಕೆಂಡದಂತೆ ಆರಿದ್ರಾ. ಅಜ್ಜ ಮಳೆಯ ಲೆಕ್ಕ ಹಾಕುತ್ತಿದ್ದ ಅದೇ ಆರಿದ್ರಾ. ಮಳೆ ಆರದೆ ಸುರಿಯಲಿ ಎಂದು ಅವನು ಕಾಯುತ್ತಿದ್ದ ಆ ಹೆಸರಿನ ಹಿಂದೆ ಸೂರ್ಯನ ನೂರಾರು ಪಟ್ಟು ಅಗಲದ ಒಂದು ದೈತ್ಯ ಕುಲುಮೆಯಿದೆ. ಇಂಥ ಭಾರಿ ನಕ್ಷತ್ರಗಳ ಬದುಕಿನ ವೇಳಾಪಟ್ಟಿ ನೋಡಿದರೆ ಮೈ ಜುಂ ಎನ್ನುತ್ತದೆ. ಸೂರ್ಯನ 25 ಪಟ್ಟು ತೂಕದ್ದಾದರೆ ಜಲಜನಕ ಉರಿಯುವುದು ಸುಮಾರು 70 ಲಕ್ಷ ವರ್ಷ. ಹೀಲಿಯಂ 5 ಲಕ್ಷ ವರ್ಷ. ಇಂಗಾಲ 600 ವರ್ಷ. ನಿಯಾನ್ ಒಂದು ವರ್ಷ. ಆಮ್ಲಜನಕ ಆರು ತಿಂಗಳು. ಸಿಲಿಕಾನ್ ಒಂದೇ ದಿನ! ಆ ಒಂದು ದಿನದ ಕೊನೆಗೆ ಒಡಲಲ್ಲಿ ಕಬ್ಬಿಣ ಕೂಡಿಕೊಂಡಿರುತ್ತದೆ. ಬೂದಿ. ಕಾವಿಲ್ಲದ ಮೇಲೆ ಭಾರ ಹೊರುವವರಿಲ್ಲ. ಸೆಕೆಂಡಿನೊಳಗೆ ನಡುಗಂಬ ಕುಸಿಯುತ್ತದೆ, ಅದರ ಹೊಡೆತಕ್ಕೆ ಹೊರಮೈ ಸಿಡಿದುಹೋಗುತ್ತದೆ. ಅದುವರೆಗೆ ಪದರ ಪದರವಾಗಿ ಬೇಯಿಸಿಟ್ಟ ಆಮ್ಲಜನಕವೆಲ್ಲ ಆಕಾಶಕ್ಕೆ ಎರಚಿಹೋಗುತ್ತದೆ. ಆರಿದ್ರಾ ಇನ್ನೊಂದು ಲಕ್ಷ ವರ್ಷದೊಳಗೆ ಹೀಗೆ ಸಿಡಿದೀತು ಎನ್ನುತ್ತಾರೆ.

ಸಿಡಿದದ್ದು ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಪಕ್ಕದ ವೃಷಭ ರಾಶಿಯಲ್ಲಿ, ಗೂಳಿಯ ಕೊಂಬಿನ ತುದಿಗೆ ದೂರದರ್ಶಕ ಹಿಡಿದಾಗ ಒಂದು ಮಬ್ಬು ಕಲೆ ಕಂಡಿತು. ಕನ್ನಡಿಗೆ ಉಸಿರು ತಾಗಿ ಮಸುಕಾದಷ್ಟೇ. ಏಡಿ ನೀಹಾರಿಕೆ. 1054ರ ಜುಲೈ 4ರಂದು ಅಲ್ಲಿ ಹೊಸ ನಕ್ಷತ್ರ ಮೂಡಿದ್ದನ್ನು ಚೀನಾದ ಜೋಯಿಸರು ಬರೆದಿಟ್ಟರು. 23 ದಿನ ಅದು ಹಾಡುಹಗಲಲ್ಲೇ ಕಾಣುತ್ತಿತ್ತು. ನಮ್ಮ ಕಲ್ಯಾಣದಲ್ಲಿ ಆಗ ಮೊದಲನೇ ಸೋಮೇಶ್ವರನ ಆಳ್ವಿಕೆ.

ಆಮ್ಲಜನಕ ಬಂದ ದಾರಿ ತಿಳಿಯಿತು. ಅದನ್ನು ರಕ್ತದಲ್ಲಿ ಹೊರುವ ಕಬ್ಬಿಣ? ಅದರ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಬೇರೊಂದು ದಾರಿಯಲ್ಲಿ. ಸೂರ್ಯನಂಥವು ಸತ್ತು ಉಳಿಯುವ ಗಟ್ಟಿ ಕೆಂಡ ಶ್ವೇತಕುಬ್ಜ. ಅದು ಜೊತೆಗಾರ ನಕ್ಷತ್ರದಿಂದ ಎಳೆದು ನುಂಗುತ್ತಲೋ, ಇನ್ನೊಂದರ ಜೊತೆ ಕೂಡಿಕೊಂಡೋ ಬೆಳೆದು ಇಡಿಯಾಗಿ ಸಿಡಿದಾಗ ಸೂರ್ಯನ ಅರ್ಧದಷ್ಟು ತೂಕದ ನಿಕಲ್ ಹುಟ್ಟುತ್ತದೆ. ನಿಕಲ್ ದಿನಗಳಲ್ಲಿ ಕೋಬಾಲ್ಟ್ ಆಗಿ, ಕೋಬಾಲ್ಟ್ ತಿಂಗಳುಗಳಲ್ಲಿ ಕಬ್ಬಿಣವಾಗುತ್ತದೆ. 2014ರ ಜನವರಿಯಲ್ಲಿ ಎಂ82 ಎಂಬ ಗ್ಯಾಲಕ್ಸಿಯಲ್ಲಿ ಹೀಗೊಂದು ಸ್ಫೋಟ ಕಂಡಿತು. ಯುರೋಪಿನ ಇಂಟೆಗ್ರಲ್ ಉಪಗ್ರಹ ಆ ಕೋಬಾಲ್ಟ್ ಕಬ್ಬಿಣವಾಗುವಾಗ ಹೊಮ್ಮಿದ ಗಾಮಾ ಕಿರಣಗಳನ್ನೇ ಹಿಡಿಯಿತು. ಅದೇ ಸ್ಫೋಟದ ಬೆಳಕು ಏರಿ ಇಳಿದದ್ದನ್ನು ಈ ಬಿಳಿ ಗುಮ್ಮಟದ ದೂರದರ್ಶಕವೂ ದಾಖಲಿಸಿತು.

ಶ್ವೇತಕುಬ್ಜ ಎಷ್ಟು ತೂಕ ತಾಳಬಲ್ಲದು ಎಂದು ಮೊದಲು ಲೆಕ್ಕ ಹಾಕಿದವರಲ್ಲಿ ಒಬ್ಬ 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ 19 ವರ್ಷದ ಹುಡುಗ, ಸುಬ್ರಹ್ಮಣ್ಯನ್ ಚಂದ್ರಶೇಖರ್. ಸೂರ್ಯನ 1.4 ಪಟ್ಟು, ಅದರಾಚೆ ನಿಲ್ಲದು. ಚಂದ್ರ ದೂರದರ್ಶಕಕ್ಕೆ ಇರುವುದು ಅವರದೇ ಹೆಸರು. 1983ರ ಭೌತವಿಜ್ಞಾನದ ನೊಬೆಲ್ ಇಬ್ಬರಿಗೆ ಹಂಚಿಕೆಯಾಯಿತು. ಒಬ್ಬರು ಚಂದ್ರಶೇಖರ್. ಇನ್ನೊಬ್ಬರು ಫೌಲರ್, ಹಾಯ್ಲ್ ಮಾತು ಕೇಳಿ ಇಂಗಾಲದ ಮಟ್ಟ ಹುಡುಕಿಸಿದವರು, 1957ರಲ್ಲಿ ಹಾಯ್ಲ್ ಮತ್ತು ಬರ್ಬಿಜ್ ದಂಪತಿಯ ಜೊತೆ ಧಾತುಗಳ ಹುಟ್ಟಿನ ಸಮಗ್ರ ಪ್ರಬಂಧ ಬರೆದವರು.

ಚಿನ್ನದ ದಾರಿ ಇನ್ನೂ ಅಪರೂಪದ್ದು. ಅದಕ್ಕೆ ನ್ಯೂಟ್ರಾನುಗಳ ಸುರಿಮಳೆ ಬೇಕು. 2017ರ ಆಗಸ್ಟ್ 17ರಂದು 13 ಕೋಟಿ ಜ್ಯೋತಿರ್ವರ್ಷ ದೂರದ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಕಂಪನ ಭೂಮಿಗೆ ಮುಟ್ಟಿದಾಗ ಅಂಥದೊಂದು ಕಮ್ಮಟ ಕಣ್ಣಿಗೆ ಬಿತ್ತು. ಕೋಲಾರದ, ಹಟ್ಟಿಯ ಚಿನ್ನ ನೆಲದಲ್ಲಿ ಸಿಕ್ಕಿದ್ದು ನಿಜ, ನೆಲದಲ್ಲಿ ಹುಟ್ಟಿದ್ದಲ್ಲ.

ಪೂರ್ವ ಬೆಳ್ಳಗಾಗುವ ಹೊತ್ತಿಗೆ ಒಳಗೆ ಬಂದು ಮತ್ತೆ ಡಬ್ಬಿಗೆ ಬೆರಳು ಕೊಟ್ಟೆ. ಎಂಬತ್ತೈದು. 70 ಕೆ.ಜಿ. ತೂಗುವ ನನ್ನೊಳಗೆ ನೀರಾಗಿ, ಮಾಂಸವಾಗಿ, ಎಲುಬಾಗಿ 45 ಕೆ.ಜಿ.ಯಷ್ಟು ಆಮ್ಲಜನಕ ಕುಳಿತಿದೆ, ಆದರೂ ಒಂದು ಗುಕ್ಕು ಗಾಳಿಗೆ ಬಾಯಿ ಬಿಡುತ್ತಿದ್ದೇನೆ! ಕಬ್ಬಿಣ ಇರುವುದು ನಾಲ್ಕು ಗ್ರಾಂ, ಒಂದು ಮೊಳೆಗೆ ಸಾಕಾಗುವಷ್ಟು. ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣು, ಒಂದೊಂದೂ ಒಂದು ಜೋಡಿ ಆಮ್ಲಜನಕ ಹಿಡಿದು ಓಡುತ್ತದೆ. ದೈತ್ಯ ನಕ್ಷತ್ರವೊಂದರ ಒಡಲಿನ ಆಮ್ಲಜನಕ, ಎಲ್ಲಿಯದೋ ಶ್ವೇತಕುಬ್ಜದ ಕಬ್ಬಿಣ. ಭೂಮಿ ಹುಟ್ಟುವ ಮೊದಲೇ ಬೇರೆಬೇರೆ ಕಾಲದಲ್ಲಿ ಸತ್ತ ಆ ಎರಡು ನಕ್ಷತ್ರಗಳು ಕೈಹಿಡಿದದ್ದು ನನ್ನ ಬೆರಳ ತುದಿಯಲ್ಲಿ. ಆ ಕೆಂಪು ದೀಪ ಎಣಿಸುತ್ತಿದ್ದದ್ದು ಆ ಜೋಡಿಗಳನ್ನೇ.

ಸಿಗ್ನಲ್ ಸಿಕ್ಕಿದಾಗ ಅಮ್ಮನಿಗೆ ಫೋನ್ ಮಾಡಿದೆ. "ಎಡೆ ಇಟ್ವಿ ಕಣೋ. ನಿನ್ನ ತಮ್ಮ ತಾತನ ಹೆಸರು ಹೇಳಿದ, ಮುತ್ತಾತನ ಹೆಸರು ಹೇಳಿದ, ಅದರ ಹಿಂದಿನೋರ ಹೆಸರು ಯಾರಿಗೂ ಗೊತ್ತಿಲ್ವಲ್ಲ" ಎಂದಳು. ನನಗೆ ಇನ್ನೂ ಹಿಂದಿನ ಎರಡು ಮೂರು ತಲೆ ಗೊತ್ತಾಗಿತ್ತು. ಊರಿಗೆ ಬಂದು ಹೇಳುತ್ತೇನೆ ಎಂದೆ.

ಹೋಗುವವರಿಗೆ ಒಂದು ಮಾತು. ಲೇಹ್‌ನಲ್ಲಿ ಎರಡು ರಾತ್ರಿಯಾದರೂ ತಂಗಿ, ಪರವಾನಗಿ ಮರೆಯಬೇಡಿ, ಅಮಾವಾಸ್ಯೆಯನ್ನೇ ಆರಿಸಿ. ಕೆಂಪು ಕಾಗದ ಕಟ್ಟಿದ ಟಾರ್ಚ್ ಒಯ್ಯಿರಿ, ಬಿಳಿ ದೀಪ ಹಚ್ಚಬೇಡಿ. ಕತ್ತಲಿಗೆ ಕಣ್ಣು ಪಳಗಲು ಅರ್ಧ ಗಂಟೆ ಬೇಕು. ಕೆಡಲು ಪಕ್ಕದವರ ಒಂದು ಮೊಬೈಲ್ ಸಾಕು.